ಕ್ಯಾಸೆಟ್ಟಿನ ಕಾಳಗ

ಇಪ್ಪತ್ತನೆಯ ಶತಮಾನದ ಕಡೆಯ ದಶಕದಲ್ಲಿ ಬೆಳಗಾವಿಯ ಖಡೇಬಜಾರ, ಗಣಪತ ಗಲ್ಲಿ ಮೊದಲಾದ ಪೇಟೆಗಳಿಂದ ಮಧ್ಯಮವರ್ಗದ ಮನೆಗಳನ್ನು ಹೊಕ್ಕು, ಅಲ್ಲಿಂದ ನೆಂಟರ ಕೈಚೀಲಗಳಲ್ಲಿ ಖಾನಾಪುರ, ಲೋಂಡಾ, ಜಾಂಬೋಟಿಗಳವರೆಗೂ ಪಯಣಿಸಿದ ‘ಟಿವಿ ಗೇಮ್’ ಎಂಬ ವಸ್ತುವಿಗೆ ಹೇಳಿಕೊಳ್ಳಲು ಕುಲಗೋತ್ರವಿರಲಿಲ್ಲ. ಕೈಗೆತ್ತಿಕೊಂಡರೆ ಒಳಗೆ ಏನೂ ಇಲ್ಲವೇನೋ ಎನ್ನಿಸುವಷ್ಟು ಹಗುರವಾದ ಪ್ಲಾಸ್ಟಿಕ್ ಪೆಟ್ಟಿಗೆ, ಅದಕ್ಕೆ ತಂತಿಯಿಂದ ಕಟ್ಟುವಡೆದ ಎರಡು ರಿಮೋಟು, ಒಂದು ಆಟದ ಬಂದೂಕು, ಬಿಸಿಯಾಗುವುದನ್ನೇ ವೃತ್ತಿಯಾಗಿಸಿಕೊಂಡಂತಿದ್ದ ಒಂದು ಅಡಾಪ್ಟರು, ಮತ್ತು ‘9999 ಆಟಗಳು’ ಎಂದು ನಿಸ್ಸಂಕೋಚವಾಗಿ ಸಾರುವ ಹಳದಿ ಕ್ಯಾಸೆಟ್ಟು: ಇಷ್ಟೇ ಅದರ ಪರಿವಾರ. ಆ ಕ್ಯಾಸೆಟ್ಟಿನಲ್ಲಿ ನಿಜವಾಗಿ ಇರುತ್ತಿದ್ದ ಆಟಗಳು ಬೆರಳೆಣಿಕೆಯವು. ಅವೇ ಬೇರೆ ಬೇರೆ ಹಂತಗಳಿಂದ ಆರಂಭವಾಗಿ ಬೇರೆ ಬೇರೆ ನಾಮಧೇಯಗಳಲ್ಲಿ ಪುನಃ ಪುನಃ ಅವತರಿಸುತ್ತಿದ್ದುವು. ಪೆಟ್ಟಿಗೆಯ ಮೇಲೆ ‘ಮೀಡಿಯಾ’ ಎಂದೋ ‘ಲಿಟಲ್ ಮಾಸ್ಟರ್’ ಎಂದೋ ‘ಮೈಕ್ರೋ ಜೀನಿಯಸ್’ ಎಂದೋ ಬರೆದಿರುತ್ತಿತ್ತೇ ಹೊರತು, ಆ ಯಂತ್ರದ ಮೂಲಕಲ್ಪನೆ ಯಾರದೋ ಅವರ ಹೆಸರು ಮಾತ್ರ ಎಲ್ಲಿಯೂ ಕಾಣುತ್ತಿರಲಿಲ್ಲ.

ಟಿವಿಗೆ ಜೋಡಿಸುವ ಆಟದ ಯಂತ್ರಗಳ ಚರಿತ್ರೆಯನ್ನು ಬರೆಯುವವರು ಪ್ರಾಯಶಃ ಯಾವ ಯಂತ್ರ ಎಷ್ಟು ‘ಬಿಟ್’ ಸಾಮರ್ಥ್ಯದ್ದು, ಯಾವುದರ ಚಿತ್ರ ಎಷ್ಟು ಸ್ಫುಟ ಎಂಬುದನ್ನೇ ಪ್ರಧಾನ ಮಾಡಿಕೊಂಡು ಬರೆಯುತ್ತಾರೆ. ನನಗೆ ತೋರುವ ಮಟ್ಟಿಗೆ ಈ ಐವತ್ತು ವರ್ಷಗಳ ಕಾಳಗದ ಮರ್ಮವಿರುವುದು ಪೆಟ್ಟಿಗೆಯ ಬೀಗದಲ್ಲಿ. ಒಬ್ಬನು ಮಾಡಿದ ಪೆಟ್ಟಿಗೆಯಲ್ಲಿ ಇನ್ನೊಬ್ಬನು ಬರೆದ ಆಟ ಓಡಬೇಕಾದರೆ ಅಪ್ಪಣೆ ಕೊಡುವವನು ಯಾರು, ಆ ಅಪ್ಪಣೆಗೆ ತೆರಬೇಕಾದ ಕಪ್ಪಕಾಣಿಕೆಯೆಷ್ಟು ಎಂಬ ವ್ಯಾಜ್ಯದಿಂದಲೇ ಕೆಲವು ಸಂಸ್ಥೆಗಳು ಮೆರೆದುವು, ಕೆಲವು ಮುಳುಗಿದುವು. ನಮ್ಮ ಗಡಿಯ ಊರುಗಳಿಗೆ ಆ ಯಂತ್ರ ಯಾವ ರೂಪದಲ್ಲಿ ಬಂದಿತೆಂಬುದನ್ನು ನಿಶ್ಚಯಿಸಿದುದೂ ಅದೇ ವ್ಯಾಜ್ಯ.

ಈ ಆಟದ ಮೂಲಪುರುಷನೆಂದು ಎಲ್ಲರೂ ಒಪ್ಪುವ ರಾಲ್ಫ್ ಬೇರ್, ನಾಜಿಗಳ ಜರ್ಮನಿಯಿಂದ 1938ರಲ್ಲಿ ತಪ್ಪಿಸಿಕೊಂಡು ಅಮೆರಿಕೆಗೆ ಬಂದ ಯೆಹೂದಿ ಕುಟುಂಬದವನು. ಸ್ಯಾಂಡರ್ಸ್ ಅಸೋಸಿಯೇಟ್ಸ್ ಎಂಬ ರಕ್ಷಣಾ ಸಾಮಗ್ರಿಯ ಸಂಸ್ಥೆಯಲ್ಲಿ ಎಂಜಿನಿಯರನಾಗಿದ್ದ ಆತನು, ಬಂದುದನ್ನು ಸುಮ್ಮನೆ ನೋಡುವುದರ ಹೊರತು ಮತ್ತಾವ ಉಪಯೋಗಕ್ಕೂ ಬಾರದ ಟೆಲಿವಿಷನ್ನಿನೊಡನೆ ಆಡಲು ಸಾಧ್ಯವೇ ಎಂದು 1966ರಲ್ಲಿ ಯೋಚಿಸತೊಡಗಿದುದರ ಫಲವಾಗಿ, 1972ರಲ್ಲಿ ಮ್ಯಾಗ್ನವಾಕ್ಸ್ ಸಂಸ್ಥೆಯ ‘ಒಡಿಸ್ಸಿ’ ಹೊರಬಂದಿತು. ಅದಕ್ಕೆ ಧ್ವನಿಯಿಲ್ಲ, ಅಂಕ ಎಣಿಸುವ ಶಕ್ತಿಯಿಲ್ಲ, ಬಣ್ಣದ ಅಂಗಳ ಬೇಕಾದರೆ ಪಾರದರ್ಶಕ ಹಾಳೆಯೊಂದನ್ನು ಟಿವಿಯ ಗಾಜಿಗೆ ಅಂಟಿಸಿಕೊಳ್ಳಬೇಕು. ಅದೇ ವರ್ಷ ಹುಟ್ಟಿದ ಅಟಾರಿ ಸಂಸ್ಥೆಯ ‘ಪಾಂಗ್’ ಎಂಬ ಚೆಂಡಾಟ ಅಮೆರಿಕದಲ್ಲೆಲ್ಲ ಮನೆಮಾತಾದಾಗ, ಕಲ್ಪನೆ ತನ್ನದೆಂದು ಮ್ಯಾಗ್ನವಾಕ್ಸ್ ನ್ಯಾಯಾಲಯಕ್ಕೆ ಹೋಯಿತು. ಅಟಾರಿಯ ನೋಲನ್ ಬುಷ್ನೆಲ್ ಒಡಿಸ್ಸಿಯ ಪ್ರದರ್ಶನಕ್ಕೆ ಹೋಗಿದ್ದಾಗ ಅತಿಥಿಗಳ ಪುಸ್ತಕದಲ್ಲಿ ಹಾಕಿದ್ದ ಸಹಿಯೇ ಅಲ್ಲಿ ಅವನಿಗೆ ಇದಿರಾಗಿ ಸಾಕ್ಷಿ ಹೇಳಿತು. 1976ರಲ್ಲಿ ಹಣ ತೆತ್ತು ಪರವಾನಗಿ ಪಡೆದು ಅಟಾರಿ ರಾಜಿಯಾಯಿತು. ಉದ್ಯಮವಿನ್ನೂ ತೊಟ್ಟಿಲಲ್ಲಿದ್ದಾಗಲೇ ವಕೀಲರ ಪ್ರವೇಶವಾಗಿದ್ದಿತೆಂಬುದು ಗಮನಾರ್ಹ.

ಆಟವನ್ನು ಯಂತ್ರದಿಂದ ಬೇರ್ಪಡಿಸಿ ಕ್ಯಾಸೆಟ್ಟಿನಲ್ಲಿ ತುಂಬಿ ಮಾರುವ ಪದ್ಧತಿಯನ್ನು 1976ರಲ್ಲಿ ತೋರಿಸಿದುದು ಫೇರ್‌ಚೈಲ್ಡ್ ಸಂಸ್ಥೆಯ ‘ಚಾನೆಲ್ ಎಫ್’. ಆ ಯಂತ್ರವನ್ನು ರೂಪಿಸಿದ ತಂಡದ ನಾಯಕ ಜೆರಿ ಲಾಸನ್ ಎಂಬ ಕರಿಯ ಎಂಜಿನಿಯರ್. ಆದರೆ ಬೆಳೆ ಕೊಯ್ದುದು 1977ರಲ್ಲಿ ತನ್ನ ಕ್ಯಾಸೆಟ್ಟಿನ ಯಂತ್ರವನ್ನು ತಂದ ಅಟಾರಿ. ಪೆಟ್ಟಿಗೆಯನ್ನು ಅಲ್ಪಲಾಭಕ್ಕೆ ಅಥವಾ ನಷ್ಟಕ್ಕೇ ಕೊಟ್ಟರೂ ಚಿಂತೆಯಿಲ್ಲ, ಒಮ್ಮೆ ಕೊಂಡವನು ಮುಂದೆ ಕ್ಯಾಸೆಟ್ಟಿಗಾಗಿ ವರ್ಷಾನುವರ್ಷ ನಮ್ಮ ಬಾಗಿಲಿಗೇ ಬರಬೇಕು ಎಂಬ ವ್ಯಾಪಾರಸೂತ್ರವು ಅಲ್ಲಿ ಸಿದ್ಧವಾಯಿತು. ಸೂತ್ರ ಚೆನ್ನಾಗಿತ್ತು, ಬಾಗಿಲಿಗೆ ಬೀಗವಿರಲಿಲ್ಲ. ತಮ್ಮ ಹೆಸರನ್ನು ಕೂಡ ಆಟದ ಮೇಲೆ ಅಚ್ಚು ಹಾಕಲೊಲ್ಲದ ಸಂಸ್ಥೆಯನ್ನು ತೊರೆದು ಬಂದ ಆಟಗಳ ಶಿಲ್ಪಿಗಳು 1979ರಲ್ಲಿ ಆಕ್ಟಿವಿಷನ್ ಸ್ಥಾಪಿಸಿ ಅಟಾರಿಯ ಪೆಟ್ಟಿಗೆಗೇ ಕ್ಯಾಸೆಟ್ಟು ಮಾಡಿ ಮಾರಿದರು. ಅದನ್ನು ಕಂಡು ಕಂಡವರೆಲ್ಲ ಮಾಡಿದರು. ಯೋಗ್ಯವೂ ಅಯೋಗ್ಯವೂ ಒಂದೇ ಕಪಾಟಿನಲ್ಲಿ ರಾಶಿಯಾದುವು. ಐದಾರು ವಾರಗಳಲ್ಲಿ ಅವಸರದಿಂದ ಹೊಲಿದು ಮುಗಿಸಿದ ‘ಇ.ಟಿ.’ ಎಂಬ ಆಟದ ಮಾರಾಟವಾಗದ ಕ್ಯಾಸೆಟ್ಟುಗಳನ್ನು ಅಟಾರಿ 1983ರಲ್ಲಿ ನ್ಯೂ ಮೆಕ್ಸಿಕೋದ ಆಲಮಗಾರ್ಡೊ ಎಂಬ ಊರಿನ ಕಸದ ಹೊಂಡದಲ್ಲಿ ಹೂಳಿತು. 2014ರಲ್ಲಿ ಅಗೆದಾಗ ಅವು ಸಿಕ್ಕಿದುದರಿಂದ ಇದು ಕಟ್ಟುಕಥೆಯಲ್ಲವೆಂಬುದು ಸ್ಥಿರವಾಯಿತು. ಸುಮಾರು 300 ಕೋಟಿ ಡಾಲರಿನ ಅಮೆರಿಕದ ಮಾರುಕಟ್ಟೆ ಎರಡು ಮೂರು ವರ್ಷಗಳಲ್ಲಿ 10 ಕೋಟಿ ಡಾಲರಿಗೆ ಕುಸಿಯಿತು.

ಆ ಭಗ್ನಾವಶೇಷದ ಮೇಲೆ ಕಾಲಿರಿಸಿದುದು ಜಪಾನಿನ ನಿಂಟೆಂಡೊ. ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದುದು 1888ರಲ್ಲಿ. ಕ್ಯೋಟೋ ನಗರದಲ್ಲಿ ಯಾಮಾವುಚಿ ಫುಸಾಜಿರೊ ನಿಂಟೆಂಡೊದ ಮೂಲವಾದ ಹೂವಿನ ಚಿತ್ರದ ಇಸ್ಪೀಟೆಲೆಗಳ ಅಂಗಡಿ ತೆರೆದುದು ಅದರ ಮರುವರ್ಷ. ಒಂದು ನೇಗಿಲು ಪಂಪುಗಳ ಉದ್ಯಮವಾಗಿ ಬೆಳೆದರೆ ಇನ್ನೊಂದು ಮಾರಿಯೋ ಎಂಬ ಮೀಸೆಯ ಕೊಳಾಯಿ ಕೆಲಸಗಾರನನ್ನು ಜಗತ್ತಿಗೆ ಕೊಟ್ಟಿತು. ಇಸ್ಪೀಟೆಲೆಯ ಆ ವಂಶದಿಂದ, ಉಎಮುರಾ ಮಾಸಾಯುಕಿ ಎಂಬ ಎಂಜಿನಿಯರನ ಕೈಯಲ್ಲಿ, 1983ರ ಜುಲೈ 15ರಂದು 14,800 ಯೆನ್ ಬೆಲೆಗೆ ಹೊರಬಂದ ‘ಫ್ಯಾಮಿಲಿ ಕಂಪ್ಯೂಟರ್’ ಅಥವಾ ‘ಫ್ಯಾಮಿಕಾಮ್’ ಎಂಬುದೇ ನಮ್ಮ ಖಡೇಬಜಾರದ ಪೆಟ್ಟಿಗೆಯ ಅಜ್ಞಾತ ಜನಕ. ಅದರ ಕಾರ್ಯಸ್ಮೃತಿ ಕೇವಲ 2 ಕಿಲೋಬೈಟ್. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಇಡೀ ಆಟದ ಗಾತ್ರ 40 ಕಿಲೋಬೈಟ್, ಎಂದರೆ ಇಂದು ಮೊಬೈಲಿನಲ್ಲಿ ಪ್ರತಿ ಮುಂಜಾನೆ ಬಂದು ಬೀಳುವ ಒಂದು ಶುಭೋದಯದ ಚಿತ್ರಕ್ಕಿಂತಲೂ ಕಡಿಮೆ.

ಅದೇ ಯಂತ್ರವನ್ನು 1985ರಲ್ಲಿ ಅಮೆರಿಕಕ್ಕೆ ಒಯ್ಯುವಾಗ ನಿಂಟೆಂಡೊ, ಅಟಾರಿಯ ಪತನದಿಂದ ಪಾಠ ಕಲಿತು, ಪೆಟ್ಟಿಗೆಯಲ್ಲೊಂದು ಕ್ಯಾಸೆಟ್ಟಿನಲ್ಲೊಂದು ಪುಟ್ಟ ಕಾವಲು ಚಿಪ್ಪನ್ನು ಕೂರಿಸಿತು. ಎರಡೂ ಒಂದೇ ತಾಳದಲ್ಲಿ ಗುಟ್ಟಿನ ಸಂಕೇತಗಳನ್ನು ವಿನಿಮಯ ಮಾಡಿಕೊಳ್ಳುತ್ತಿರಬೇಕು; ತಾಳ ತಪ್ಪಿತೆಂದರೆ ಪೆಟ್ಟಿಗೆ ಕ್ಷಣಕ್ಕೊಮ್ಮೆ ತನ್ನನ್ನು ತಾನೇ ಆರಿಸಿ ಹೊತ್ತಿಸಿಕೊಳ್ಳುತ್ತ ಆಟವನ್ನು ನಡೆಯಗೊಡುವುದಿಲ್ಲ. ಅನ್ಯ ಸಂಸ್ಥೆಗಳು ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟಗಳನ್ನು ಹೊರತರಕೂಡದು, ಕ್ಯಾಸೆಟ್ಟುಗಳನ್ನು ನಿಂಟೆಂಡೊದಿಂದಲೇ ಮಾಡಿಸಿಕೊಳ್ಳಬೇಕು ಎಂಬ ಶಾಸನವೂ ಆಯಿತು. ಅಟಾರಿಯ ಒಂದು ಶಾಖೆ ಆ ಸಂಕೇತವನ್ನು ಅರಿಯಲು ಹವಣಿಸಿ ಸಫಲವಾಗದೆ, ವ್ಯಾಜ್ಯಕ್ಕೆ ಬೇಕೆಂಬ ಸುಳ್ಳು ನೆವ ಹೇಳಿ ಅಮೆರಿಕ ಸರ್ಕಾರದ ಕೃತಿಸ್ವಾಮ್ಯ ಕಚೇರಿಯಿಂದಲೇ ಅದರ ಪ್ರತಿಯನ್ನು ತರಿಸಿಕೊಂಡು ನಕಲು ಕೀಲಿಯನ್ನು ಮಾಡಿತು, ನ್ಯಾಯಾಲಯದಲ್ಲಿ ಸೋತಿತು.

ಈಗ ನಮ್ಮ ಊರಿಗೆ ಬರೋಣ. ಕಾವಲಿದ್ದುದು ಅಮೆರಿಕ, ಯೂರೋಪುಗಳಿಗೆ ಹೋದ ಯಂತ್ರದಲ್ಲಿ. ಜಪಾನಿನಲ್ಲಿ ಮೊದಲು ಮಾರಿದ ಫ್ಯಾಮಿಕಾಮಿನಲ್ಲಿ ಅದು ಇರಲೇ ಇಲ್ಲ. ಆದಕಾರಣ ತೈವಾನಿನ ತಯಾರಕರು ನಕಲು ಮಾಡಲು ಆರಿಸಿಕೊಂಡುದು, ಸ್ವಾಭಾವಿಕವಾಗಿಯೇ, ಬೀಗವಿಲ್ಲದ ಜಪಾನೀ ಯಂತ್ರವನ್ನು. ಯುಎಂಸಿ ಮೊದಲಾದ ಅಲ್ಲಿನ ಸಂಸ್ಥೆಗಳು ಅದರ ಮುಖ್ಯ ಚಿಪ್ಪುಗಳ ಪ್ರತಿಕೃತಿ ಮಾಡಿದುವು. ತರುವಾಯ ಇಡೀ ಯಂತ್ರವೇ ಒಂದು ಕರಿಯ ಬೊಟ್ಟಿನೊಳಗೆ ಅಡಕವಾಯಿತು. ರಷ್ಯದಲ್ಲಿ ಅದಕ್ಕೆ ‘ಡೆಂಡಿ’ ಎಂದು ಹೆಸರು, ಪೋಲೆಂಡಿನಲ್ಲಿ ‘ಪೆಗಾಸಸ್’. ಬಹುತೇಕ ಬಳಕೆಯ ವಸ್ತುಗಳ ಆಮದಿನ ಮೇಲೆ ಭಾರತ ಹಾಕಿದ್ದ ಪರಿಮಾಣ ನಿರ್ಬಂಧಗಳು ಪೂರ್ಣವಾಗಿ ತೆಗೆಯಲ್ಪಟ್ಟುದು 2001ರ ಏಪ್ರಿಲ್ 1ರಂದು; ಅದಕ್ಕೂ ಮುಂಚೆ ಅಸಲಿ ಯಂತ್ರವನ್ನು ಸುಂಕ ತೆತ್ತು ತರಿಸುವುದು ಸಾಮಾನ್ಯರ ಮಾತಾಗಿರಲಿಲ್ಲ. ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಗೊಂಡ ನಕಲು ಮುಂಬಯಿಯ ಸಗಟು ಪೇಟೆಗಳ ದಾರಿಯಿಂದ ಬೆಳಗಾವಿಯನ್ನು ಮುಟ್ಟಿತು. ಪೋರ್ಚುಗೀಸರ ಕಾಲದಲ್ಲಿ ಗೋವೆಯ ಸರಕನ್ನು ಕ್ಯಾಸಲ್‌ರಾಕ್ ನಿಲ್ದಾಣದಲ್ಲಿ ಸುಂಕದವರು ಬಿಚ್ಚಿಸಿ ನೋಡುತ್ತಿದ್ದುದನ್ನು ಕಂಡ ಹಿರಿಯರಿದ್ದ ಸೀಮೆಯಲ್ಲಿ, ಪರದೇಶದ ವಸ್ತುವಿಗೆ ರಸೀತಿ ಕೇಳುವ ಅಭ್ಯಾಸ ಅಷ್ಟಾಗಿ ಬೆಳೆಯದೆ ಇದ್ದುದರಲ್ಲಿ ಸೋಜಿಗವಿಲ್ಲ.

ಖಾನಾಪುರದಲ್ಲಿ ಈ ಯಂತ್ರಕ್ಕೆ ಒದಗಿದ ಪರೀಕ್ಷೆ ಬೇರೆಯ ಬಗೆಯದು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಾಡುಗಳಿಂದ ಇಳಿದು ಬರುವ ಮಳೆ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆ, ಬಟ್ಟೆ, ಬೆಂಕಿಪೆಟ್ಟಿಗೆಗಳನ್ನೆಲ್ಲ ತೇವಗೊಳಿಸುವ ಆ ತಾಲ್ಲೂಕಿನಲ್ಲಿ ಕ್ಯಾಸೆಟ್ಟಿನ ಬುಡದ ತಾಮ್ರದ ಹಲ್ಲುಗಳು ಮಂಕು ಹಿಡಿಯುತ್ತಿದ್ದುವು. ಗುಂಡಿಯೊತ್ತಿದರೆ ಟಿವಿಯಲ್ಲಿ ಕಾಣುವುದು ಚೌಕಚೌಕದ ಬೂದುಬಣ್ಣದ ಗೊಂದಲ. “ಏ ತಮ್ಮಾ, ಹೊರಗ ತಗೀ, ಊದು, ಮತ್ತ ಹಾಕು” ಎಂದು ಅಣ್ಣನಾದವನು ಅಪ್ಪಣೆ ಮಾಡುವನು, ತಮ್ಮನು ಕ್ಯಾಸೆಟ್ಟನ್ನು ಕೊಳಲಿನಂತೆ ತುಟಿಗೆ ಹಿಡಿದು ಊದಿ, ಒತ್ತಿ ಕೂರಿಸುವನು, ಚಿತ್ರ ಮೂಡುವುದು. ಗುಣ ಕೊಡುತ್ತಿದ್ದುದು ಊದುವಿಕೆಯಲ್ಲ, ತೆಗೆದು ಹಾಕುವಾಗಿನ ತಿಕ್ಕಾಟ. ಬಾಯ ತೇವದಿಂದ ತಾಮ್ರ ಇನ್ನಷ್ಟು ಕೆಡುತ್ತಿತ್ತು. ಈ ಚಿಕಿತ್ಸೆಯನ್ನು ಕ್ಯೋಟೋ, ಮಾಸ್ಕೋ, ಖಾನಾಪುರಗಳ ಹುಡುಗರು ಪರಸ್ಪರ ಕೇಳದೆ ಕಂಡುಹಿಡಿದುಕೊಂಡರು.

ಬಂದೂಕಿನ ಗುಟ್ಟು ಇನ್ನೂ ಸ್ವಾರಸ್ಯವಾದುದು. ಬಾತುಕೋಳಿಗಳನ್ನು ಹೊಡೆಯುವ ಆಟದಲ್ಲಿ ಬಂದೂಕಿನಿಂದ ಟಿವಿಗೆ ಏನೋ ಕಿರಣ ಹೋಗುವುದೆಂದು ಮಕ್ಕಳೆಲ್ಲರೂ, ಅನೇಕ ತಂದೆಗಳೂ ನಂಬಿದ್ದರು. ನಡೆಯುತ್ತಿದ್ದುದು ಇದರ ವಿಪರೀತ: ಕೀಲು ಎಳೆದ ಕ್ಷಣದಲ್ಲಿ ಪರದೆಯೆಲ್ಲ ಕಪ್ಪಾಗಿ, ಹಕ್ಕಿಯಿದ್ದ ಸ್ಥಾನದಲ್ಲಿ ಮಾತ್ರ ಬಿಳಿಯ ಚೌಕವೊಂದು ಕಣ್ಣಿಗೆ ಹತ್ತದಷ್ಟು ಹೊತ್ತು ಮಿನುಗುವುದು, ನಳಿಗೆಯೊಳಗಿನ ಬೆಳಕಿನ ಸಂವೇದಕ ಆ ಬಿಳುಪನ್ನು ಕಂಡರೆ ಗುರಿ ತಾಗಿತು, ಕಾಣದಿದ್ದರೆ ತಪ್ಪಿತು. ಹಳೆಯ ಗಾಜಿನ ಟಿವಿಯ ಸಮಯಪಾಲನೆಯನ್ನೇ ನೆಚ್ಚಿದ ಈ ಉಪಾಯ ಇಂದಿನ ಚಪ್ಪಟೆ ಟಿವಿಗಳಲ್ಲಿ ನಡೆಯುವುದಿಲ್ಲ.

ದೀಪಾವಳಿಯ ರಜೆಯಲ್ಲಿ ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟಿ ಶಿವಾಜಿಯ ಸೈನಿಕರಾದ ಮಾವಳೆಯರ ಗೊಂಬೆ ನಿಲ್ಲಿಸುವುದು ಬೆಳಗಾವಿ, ಖಾನಾಪುರಗಳ ಮಕ್ಕಳ ಪರಂಪರೆ. ಅದೇ ಮಕ್ಕಳು ಸಂಜೆ ಒಳಗೆ ಬಂದು ‘ಟ್ಯಾಂಕ್’ ಆಟದಲ್ಲಿ ಇಟ್ಟಿಗೆಯ ಕೋಟೆ ಕಾಯುವರು, ಇಲ್ಲವೆ ‘ಕಾಂಟ್ರಾ’ದಲ್ಲಿ ಇಬ್ಬಿಬ್ಬರಾಗಿ ಕಾಡು ನುಗ್ಗುವರು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಿದರೆ 30 ಜೀವ ದೊರೆಯುವ ಗುಪ್ತವಿದ್ಯೆ ಒಂದು ಗಲ್ಲಿಯಿಂದ ಇನ್ನೊಂದಕ್ಕೆ ಮರಾಠಿ, ಕನ್ನಡ, ಉರ್ದು, ಕೊಂಕಣಿಗಳಲ್ಲಿ ಪ್ರಸಾರವಾಗುತ್ತಿತ್ತು. ಕೊನಾಮಿ ಸಂಸ್ಥೆಯ ಹಾಶಿಮೊತೊ ಕಾಜುಹಿಸ ಎಂಬಾತ ಬೇರೊಂದು ಆಟವನ್ನು ಪರೀಕ್ಷಿಸುವಾಗ ತನ್ನ ಅನುಕೂಲಕ್ಕೆಂದು ಇಟ್ಟುಕೊಂಡು ತೆಗೆಯಲು ಮರೆತ ಸೂತ್ರ ಅದು. ಆದರೆ 30 ಜೀವಗಳಿದ್ದರೂ ಕರೆಂಟು ಹೋಯಿತೆಂದರೆ ಎಲ್ಲವೂ ಮೊದಲಿನಿಂದ. ಆಟವನ್ನು ನಡುವಿನಲ್ಲಿ ಕಾದಿರಿಸುವ ಸೌಕರ್ಯ ಆ ಪೆಟ್ಟಿಗೆಯಲ್ಲಿರಲಿಲ್ಲ.

ಇತ್ತ ಹೀಗಿರುವಾಗ ಅತ್ತ ಅಮೆರಿಕದಲ್ಲಿ ಸೇಗಾ ಸಂಸ್ಥೆ ನಿಂಟೆಂಡೊದ ಮೇಲೆ ದಂಡೆತ್ತಿ ಬಂದಿದ್ದಿತು. 1988ರಲ್ಲಿ ಜಪಾನಿನಲ್ಲಿ ಬಂದ ‘ಮೆಗಾ ಡ್ರೈವ್’, 1991ರಲ್ಲಿ ಅದರ ಬೆನ್ನೇರಿ ಬಂದ ‘ಸೋನಿಕ್’ ಎಂಬ ನೀಲಿಯ ಮುಳ್ಳುಪ್ರಾಣಿ, ಎದುರಾಳಿಯ ಹೆಸರೆತ್ತಿ ಹಂಗಿಸುವ ಜಾಹೀರಾತುಗಳು, ರಕ್ತ ತೋರಿಸಬಹುದೇ ಬಾರದೇ ಎಂದು 1993ರಲ್ಲಿ ಅಮೆರಿಕದ ಸೆನೆಟ್ಟಿನವರೆಗೂ ಹೋದ ವಾದ: ಪಾಶ್ಚಾತ್ಯ ಲೇಖಕರು ಮಹಾಭಾರತದಂತೆ ವರ್ಣಿಸುವ ಈ ಯುದ್ಧದ ಸದ್ದು ಬೆಳಗಾವಿಗೆ ಕೇಳಿಸಲೇ ಇಲ್ಲವೆನ್ನಬೇಕು. ತೊಂಬತ್ತರ ದಶಕದ ನಡುವಿನಲ್ಲಿ ಷಾ ವ್ಯಾಲೆಸ್ ಸಂಸ್ಥೆ ಸೇಗಾದ ಯಂತ್ರಗಳನ್ನು ಭಾರತದಲ್ಲಿ ಮಾರಲು ಹೊರಟರೂ, ಸುಂಕದ ಭಾರದಿಂದ ಸಾಮಾನ್ಯ ಗೃಹಸ್ಥನ ಕೈಗೆ ಅವು ಎಟುಕಲಿಲ್ಲ.

ಸೋನಿಯ ಪ್ರವೇಶಕ್ಕೆ ಕಾರಣವಾದುದೂ ಕೀಲಿಯ ಜಗಳವೇ. ನಿಂಟೆಂಡೊದ ಯಂತ್ರಕ್ಕೆ ಸಿಡಿ ಜೋಡಿಸುವ ಒಪ್ಪಂದದಲ್ಲಿ ಸಿಡಿಯ ಆಟಗಳ ಪರವಾನಗಿಯ ಅಧಿಕಾರ ಸೋನಿಗೆ ಸೇರುವಂತಿದ್ದಿತು. ಇದನ್ನರಿತ ನಿಂಟೆಂಡೊ 1991ರ ಜೂನಿನಲ್ಲಿ, ಶಿಕಾಗೋದ ಮೇಳದಲ್ಲಿ ಸೋನಿ ತನ್ನ ಯಂತ್ರವನ್ನು ಸಾರಿದ ಮರುದಿನವೇ, ತಾನು ಫಿಲಿಪ್ಸ್ ಸಂಸ್ಥೆಯೊಡನೆ ಕೂಡುವುದಾಗಿ ಘೋಷಿಸಿತು. ಆ ಅವಮಾನದಿಂದ ಕೆರಳಿದ ಕುತರಾಗಿ ಕೆನ್ ಎಂಬ ಎಂಜಿನಿಯರನ ಹಟದ ಸಂತಾನ 1994ರ ಡಿಸೆಂಬರ್ 3ರ ‘ಪ್ಲೇಸ್ಟೇಷನ್’. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲಿಸ್ಸಿನ ಸಭೆಯಲ್ಲಿ ಸೇಗಾ ತನ್ನ ‘ಸ್ಯಾಟರ್ನ್’ ಯಂತ್ರದ ಬೆಲೆ 399 ಡಾಲರೆಂದು ಸಾರಿದ ಬಳಿಕ ವೇದಿಕೆಯೇರಿದ ಸೋನಿಯ ಪ್ರತಿನಿಧಿ ಸ್ಟೀವ್ ರೇಸ್ “299” ಎಂಬ ಒಂದೇ ಸಂಖ್ಯೆ ನುಡಿದು ಇಳಿದುಹೋದನು. ಮಾರಾಟಗಾರಿಕೆಯ ಭಾಷಣಗಳಲ್ಲಿ ಇಷ್ಟು ಮಿತಭಾಷೆಯದು ನನಗೆ ಬೇರೆ ತಿಳಿಯದು. 2001ರ ಜನವರಿ 31ರಂದು ಸೇಗಾ ಯಂತ್ರ ಮಾಡುವುದನ್ನೇ ಬಿಡುವುದಾಗಿ ಪ್ರಕಟಿಸಿತು.

ಪ್ಲೇಸ್ಟೇಷನ್ನಿನ ಬೀಗವೂ ಚತುರವಾದುದೇ. ಆಟದ ಸಿಡಿ ತಟ್ಟೆಯ ಒಳಸುತ್ತಿನ ಗೆರೆಯಲ್ಲಿ ಬೇಕೆಂದೇ ಒಂದು ಸೂಕ್ಷ್ಮವಾದ ಅಲುಗಾಟವನ್ನು ಕೊರೆದು, ಅದರಲ್ಲಿ ನಾಲ್ಕಕ್ಷರದ ಗುರುತನ್ನು ಅಡಗಿಸಿದ್ದರು. ಮನೆಯ ಸಿಡಿ ಬರೆಯುವ ಯಂತ್ರಕ್ಕೆ ಆ ಅಲುಗಾಟವನ್ನು ನಕಲಿಸಲು ಬಾರದು. ಇದಕ್ಕೆ ಪ್ರತಿವಿದ್ಯೆಯಾಗಿ ಬಂದ ‘ಮಾಡ್ ಚಿಪ್’, ತಟ್ಟೆ ಯಾವುದಾದರೂ ಇರಲಿ, ಆ ನಾಲ್ಕಕ್ಷರವನ್ನು ತಾನೇ ಯಂತ್ರದ ಕಿವಿಯಲ್ಲಿ ಉಸುರುವುದು. 2000ದಲ್ಲಿ ಬಂದು ಒಟ್ಟು 15 ಕೋಟಿಗೂ ಮಿಕ್ಕಿ ಮಾರಾಟವಾದ, ಇನ್ನೂ ಯಾವ ಮನೆಯ ಆಟದ ಯಂತ್ರವೂ ಮೀರದ ‘ಪ್ಲೇಸ್ಟೇಷನ್ 2’ ನಮ್ಮ ಕಡೆಗೆ ಬಹುಮಟ್ಟಿಗೆ ಇಂಥ ‘ಚಿಪ್ ಹಾಕಿದ’ ಯಂತ್ರವಾಗಿಯೇ ಪ್ರಚಾರಕ್ಕೆ ಬಂದಿತು. ಕಾಲೇಜುಗಳ ಆಸುಪಾಸಿನಲ್ಲಿ ಗಂಟೆಯ ಲೆಕ್ಕದ ಪಾರ್ಲರುಗಳು ತೆರೆದುವು. “ಕಾಕಾ, ಇನ್ನೊಂದ್ ಐದ್ ಮಿನಿಟ್ ಬಿಡ್ರೀ, ಲಾಸ್ಟ್ ಸ್ಟೇಜ್ ಐತಿ” ಎಂಬ ಬೇಡಿಕೆಗೆ ಕಾಕಾ ಗಡಿಯಾರ ತೋರಿಸುವುದು ಅಲ್ಲಿನ ನಿತ್ಯವಿಧಿ. ಕುಸ್ತಿಯ ಆಟ, ಕ್ರಿಕೆಟ್ಟು, ‘ವೈಸ್ ಸಿಟಿ’ಗಳ ನಕಲು ತಟ್ಟೆ ಅಸಲಿಯ ಬೆಲೆಯ ಅಲ್ಪಾಂಶಕ್ಕೆ ದೊರೆಯುವಾಗ, ಪೆಟ್ಟಿಗೆಯಲ್ಲಿ ಕಳೆದುಕೊಂಡು ಆಟದಲ್ಲಿ ಗಳಿಸುವ ಹಳೆಯ ಸೂತ್ರ ಇಲ್ಲಿ ತಲೆಕೆಳಗಾಯಿತು. ಇದು ಕಳ್ಳತನವೇ ಎಂಬುದರಲ್ಲಿ ಸಂದೇಹವಿಲ್ಲ; ಆ ಕಳ್ಳತನವಿಲ್ಲದೆ ಇದ್ದಿದ್ದರೆ ಬೆಳಗಾವಿಯ ಹುಡುಗನೊಬ್ಬನು ಆ ಆಟಗಳನ್ನು ಆ ಕಾಲಕ್ಕೆ ಕಾಣುತ್ತಿದ್ದನೆಂದು ಹೇಳುವ ಧೈರ್ಯ ಮಾತ್ರ ನನಗಿಲ್ಲ.

2006ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ‘ಎಕ್ಸ್‌ಬಾಕ್ಸ್ 360’ನ್ನು ಅಕ್ಷಯ ಕುಮಾರ್, ಯುವರಾಜ್ ಸಿಂಗ್ ಅವರ ಮುಖಗಳೊಡನೆ ಭಾರತಕ್ಕೆ ತಂದಾಗ, ಮರುವರ್ಷ ಸೋನಿ 39,990 ರೂಪಾಯಿಗೆ ‘ಪ್ಲೇಸ್ಟೇಷನ್ 3’ ತಂದಾಗ, ಮೊದಲ ಬಾರಿಗೆ ಆ ದೂರದ ಪೈಪೋಟಿ ನಮ್ಮ ಪತ್ರಿಕೆಗಳ ಜಾಹೀರಾತಿನಲ್ಲಿ ಮುಖ ತೋರಿತು. ಹೈದರಾಬಾದಿನಲ್ಲಿ ನಿರ್ಮಿತವಾದ ‘ಹನುಮಾನ್’ ಎಂಬ ಆಟ 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದಿತು. ಅದರ ಬೆನ್ನಿಗೇ ಕಬಡ್ಡಿ, ಚಿನ್ನಿದಾಂಡು, ಗಾಳಿಪಟಗಳ ‘ದೇಸಿ ಅಡ್ಡಾ’. ಅಂಗಳದಲ್ಲಿ ಖರ್ಚಿಲ್ಲದೆ ಆಡುವ ಚಿನ್ನಿದಾಂಡನ್ನು ಟಿವಿಯ ಮುಂದೆ ಕುಳಿತು ಹಣ ಕೊಟ್ಟು ಆಡಬೇಕೆಂಬ ಆಮಂತ್ರಣಕ್ಕೆ ಜನ ಓಗೊಡಲಿಲ್ಲ.

ಕರ್ನಾಟಕದ ನಿಜವಾದ ಪಾಲು ಮಾರಾಟದಲ್ಲಿಲ್ಲ, ಕರಕೌಶಲದಲ್ಲಿದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್, ದೇಶದ ಮೊತ್ತಮೊದಲ ಆಟದ ನಿರ್ಮಾಣಶಾಲೆಗಳಲ್ಲಿ ಒಂದು. ಎಕ್ಸ್‌ಬಾಕ್ಸಿನ ‘ಫೋರ್ಜಾ’ ಮುಂತಾದ ಆಟಗಳ ಚಿತ್ರಕೆಲಸವನ್ನು ಅಲ್ಲಿನ ಕಲಾವಿದರು ಮಾಡಿಕೊಟ್ಟರು. 2019ರಲ್ಲಿ ಆ ಶಾಲೆಯನ್ನು ಕೊಂಡುದು ರಾಕ್‌ಸ್ಟಾರ್, ಎಂದರೆ ಪಾರ್ಲರುಗಳಲ್ಲಿ ನಕಲು ತಟ್ಟೆಯಾಗಿ ಮೆರೆದ ‘ವೈಸ್ ಸಿಟಿ’ಯ ಒಡೆಯ ಸಂಸ್ಥೆ.

2021ರ ಫೆಬ್ರವರಿ 2ರಂದು ಭಾರತಕ್ಕೆ ಬಂದ ‘ಪ್ಲೇಸ್ಟೇಷನ್ 5’ರಲ್ಲಿ ಎರಡು ಬಗೆಯಿದ್ದುವು: ತಟ್ಟೆ ಹಾಕುವ ಕಿಂಡಿಯುಳ್ಳದ್ದಕ್ಕೆ ಆಗ 49,990 ರೂಪಾಯಿ, ಕಿಂಡಿಯಿಲ್ಲದ್ದಕ್ಕೆ 39,990. ಹತ್ತು ಸಾವಿರ ಉಳಿಯಿತೆಂದು ಎರಡನೆಯದನ್ನು ಒಯ್ದವನು ಮುಂದೆ ಪ್ರತಿಯೊಂದು ಆಟವನ್ನೂ ಅಂತರ್ಜಾಲದ ಮೂಲಕ ಸೋನಿಯ ಅಂಗಡಿಯಿಂದಲೇ ಕೊಳ್ಳಬೇಕು. ಆಡಿ ಬೇಸತ್ತ ತಟ್ಟೆಯನ್ನು ಗೆಳೆಯನಿಗೆ ಕೊಟ್ಟು ಇನ್ನೊಂದನ್ನು ಪಡೆಯುವಂತಿಲ್ಲ, ಹಳೆಯದನ್ನು ಅರ್ಧ ಬೆಲೆಗೆ ಮಾರುವಂತಿಲ್ಲ. ಅಟಾರಿಗೆ ಸಾಧಿಸದ, ನಿಂಟೆಂಡೊ ಅರೆಬರೆಯಾಗಿ ಸಾಧಿಸಿದ ಬೀಗವನ್ನು ಹೀಗೆ ಗಿರಾಕಿಯೇ ರಿಯಾಯಿತಿ ಪಡೆದು ಮನೆಗೆ ತರುತ್ತಿದ್ದಾನೆ. ಇನ್ನು ಫ್ಯಾಮಿಕಾಮಿನ ಯಂತ್ರರಚನೆಯ ಪೇಟೆಂಟುಗಳ ಅವಧಿ ತೀರಿ ವರ್ಷಗಳೇ ಕಳೆದುದರಿಂದ, ಆಟಗಳ ಕೃತಿಸ್ವಾಮ್ಯದ ಮಾತು ಹಾಗಿರಲಿ, ಆ ಪೆಟ್ಟಿಗೆಯ ನಕಲು ಮಾಡುವುದು ಈಗ ಅಪರಾಧವೂ ಅಲ್ಲ. ‘400 ಆಟ’ಗಳ ಅಂಗೈಯಗಲದ ಅವತಾರದಲ್ಲಿ, ಅದೇ ಮಾರಿಯೋ ಅದೇ ಕಾಂಟ್ರಾಗಳನ್ನು ತುಂಬಿಕೊಂಡು, ಆಟಿಕೆ ಅಂಗಡಿಗಳಲ್ಲಿ ಅದು ಕೆಲವೇ ನೂರು ರೂಪಾಯಿಗಳಿಗೆ ಇಂದಿಗೂ ದೊರೆಯುತ್ತಿದೆ.